ಬಾವಿ ಪಕ್ಕದ ಸಾಲು

ಸಾಹುಕಾರರ ಬದನೆ ಹೊಲದಲ್ಲಿ ಬಾವಿ ಪಕ್ಕದ ಒಂದು ಸಾಲಿಗೆ ಮಾತ್ರ ಔಷಧ ಹೊಡೆಯುತ್ತಿರಲಿಲ್ಲ. ಆ ಸಾಲಿನ ಕಾಯಿ ಅವರ ಮನೆಗೆ, ಉಳಿದ ಹೊಲದ್ದು ಸಂತೆಗೆ. ಕೀಳುವವಳು ಕೂಲಿಯ ನೀಲವ್ವ.

“ಸಾವಕಾರ್ರ, ಮಗಳು ಬಸುರಿ ಅದಾಳ್ರಿ. ಎಣ್ಣಿಗಾಯಿ ಬಯಸ್ಯಾಳ. ಬಾವಿ ಸಾಲಿಂದ ನಾಕು ಕಾಯಿ ಒಯ್ಯಲೇನ್ರಿ?”

“ಅದಕ್ಕ ಕೈ ಹಚ್ಚಬ್ಯಾಡ. ಈ ಕಡೆ ಇಷ್ಟು ದೊಡ್ಡ ಹೊಲ ಐತಲ್ಲ, ಬುಟ್ಟಿ ತುಂಬ ಒಯ್ಯಿ.”

“ಇದಕ್ಕ ನಿನ್ನೆನ ಔಷಧ ಹೊಡದೀರಲ್ರಿ.”

“ಉಪ್ಪುನೀರಾಗ ತೊಳದ್ರ ಹೋಗತೈತಿ. ಸಂತಿ ಮಂದಿ ಎಲ್ಲಾ ಇದನ್ನ ತಿಂತಾರ. ನಿನ್ನ ಮಗಳೇನು ಮಹಾರಾಣಿ ಏನು?”

“ಅಲ್ಲ ಬಿಡ್ರಿ,” ಎಂದಳು ನೀಲವ್ವ.

ಸಂಜೆ ಅವಳು ಎರಡು ಬುಟ್ಟಿ ತುಂಬಿದಳು. ಒಂದನ್ನು ಸಾಹುಕಾರರ ಅಡುಗೆಮನೆಗೆ ಮುಟ್ಟಿಸಿ, ಇನ್ನೊಂದನ್ನು ಹೊತ್ತುಕೊಂಡು ಮನೆಗೆ ಹೋದಳು.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತ ಸಾಹುಕಾರರು ಮೂರನೇ ರೊಟ್ಟಿ ಮುರಿಯುತ್ತಿದ್ದರು. ಹೆಂಡತಿ ಅವರ ತಾಟಿಗೆ ಇನ್ನೆರಡು ಎಣ್ಣೆಗಾಯಿ ಹಾಕಿದರು.

“ಉಣ್ರಿ, ಬಾಳ ಮಾಡೀನಿ. ದಿನಾ ಅರ್ಧಕ್ಕರ್ಧ ಕಾಯಿ ಹುಳಾ ಹತ್ತಿ ತಿಪ್ಪಿಗೆ ಹೋಗತಿದ್ದವು. ನಿನ್ನೆ ನೀಲವ್ವ ಕೊಟ್ಟ ಬುಟ್ಯಾಗ ಒಂದರಾಗೂ ಹುಳಾ ಇರಲಿಲ್ಲ.”