ಕಿಟಕಿಯಾಚೆಯ ಪ್ಯಾನ್ಸಿ

ನರ್ಸರಿಯಲ್ಲಿ ಪ್ಯಾನ್ಸಿ ಹೂವಿನ ಮಖಮಲ್ಲಿನಂಥ ಎಸಳು ಬೆರಳಿಗೆ ತಾಕಿದರೆ ನನಗೆ ಈಗಲೂ ನಮ್ಮೂರು ಹೊಸಬಾಳೆಯ ಮನೆಯ ಹಿಂದಿನ ಕೋಣೆ ನೆನಪಾಗುತ್ತದೆ.

ಮೊದಲ ಸಲ ಮುಟ್ಟಾಗಿ ನಾನು ಆ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದೆ. ಹೊಸಿಲು ದಾಟುವ ಹಾಗಿರಲಿಲ್ಲ. ಶಿಕಾರಿಪುರದ ಕಾನ್ವೆಂಟಿನಲ್ಲಿ ಸಿಸ್ಟರ್ ಕೊಟ್ಟಿದ್ದ ಪ್ಯಾನ್ಸಿ ಸಸಿಗಳನ್ನು ನಾನೇ ಕುಂಡದಲ್ಲಿ ನೆಟ್ಟಿದ್ದೆ. ಆ ಹಳದಿ-ನೇರಳೆ ಪುಟ್ಟ ಮುಖಗಳಂಥ ಹೂಗಳು ಕಿಟಕಿಯಾಚೆ ಬಿಸಿಲಿಗೆ ಜೋತುಬಿದ್ದಿದ್ದವು. ಚೊಂಬಿನ ನೀರು ಹಿಡಿದು ಸರಳುಗಳ ನಡುವೆ ಕೈ ತೂರಿಸಿದೆ.

"ಏಯ್, ಕೈ ಒಳಗ್ ತಗಿ! ನೀ ಮುಟ್ಟಿದ್ರೆ ಗಿಡ ಸುಟ್ಟುಹೋಗ್ತದೆ," ಅಂಗಳದಿಂದ ಅಜ್ಜಿ ಗದರಿದರು.

"ಈಗ್ಲೇ ಒಣಗ್ತಾ ಐತಲ್ಲಜ್ಜಿ!"

"ಒಣಗ್ಲಿ ಬಿಡು. ಅದೇನ್ ಸಾರಿಗೆ ಹಾಕೋ ಸೊಪ್ಪಾ?"

ನನಗೆ ಅಳು ಬಂತು. ಸಂಜೆ ಅಮ್ಮ ಬಂದು ಕುಂಡಗಳಿಗೆ ನಿಧಾನವಾಗಿ ನೀರು ಹನಿಸಿದಳು, ಬಾಡಿದ ಹೂಗಳನ್ನು ಚಿವುಟಿದಳು. ಆಮೇಲೆ ಕಿಟಕಿಗೆ ಮುಖ ತಂದು ಪಿಸುಗುಟ್ಟಿದಳು: "ನಂದೂ ನಿನ್ನೆಯಿಂದ ಮುಟ್ಟೇ ಕಣೇ. ಅಜ್ಜಿಗೆ ಹೇಳ್ಬೇಡ. ಇಬ್ರೂ ಮೂಲೇಲಿ ಕೂತ್ರೆ ನಿನ್ ಗಿಡಕ್ಕೆ ನೀರ್ ಯಾರ್ ಹಾಕ್ತಾರೆ?"

ಮರುದಿನ ಬೆಳಿಗ್ಗೆ ಗಿಡಗಳು ತಲೆಯೆತ್ತಿದ್ದವು. ಅಜ್ಜಿ ದೇವರಿಗೆಂದು ಒಂದು ನೇರಳೆ ಹೂ ಕೊಯ್ದು ನನಗೆ ತೋರಿಸಿದರು. "ನೋಡ್ದ್ಯಾ? ನೀ ಮುಟ್ಲಿಲ್ಲ, ಹೆಂಗ್ ಅರಳ್ಯಾವೆ!"

ಅಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ನಾನು ಸರಳು ಹಿಡಿದುಕೊಂಡು ಹೌದೆಂದು ತಲೆಯಾಡಿಸಿದೆ.