ಗಾಜಿಗೆ ಕುಂಕುಮ ಬೇಡ

ಆಯುಧಪೂಜೆಯ ಬೆಳಿಗ್ಗೆ ಸಹೋದ್ಯೋಗಿ ಶೇಷಾಚಲ ಕುಂಕುಮದ ಬಟ್ಟಲು ಹಿಡಿದು ಲೇಸರ್ ಪ್ರಯೋಗಾಲಯಕ್ಕೆ ಬಂದಾಗ, ಮುಖ್ಯಸ್ಥೆ ಹೈಮವತಿ ಬಾಗಿಲಿಗೆ ಅಡ್ಡ ನಿಂತರು.

“ಪಂಪಿಗೆ ಹಚ್ಚಿ, ಸ್ಕ್ರೂಡ್ರೈವರಿಗೆ ಹಚ್ಚಿ, ಬೇಕಾದ್ರೆ ನನ್ನ ಹಣೆಗೂ ಹಚ್ಚಿ. ಆ ಗಾಜಿನ ಹತ್ರ ಮಾತ್ರ ಸುಳೀಬೇಡಿ!”

ಅದು ಮೈಸೂರುಪಾಕಿನ ತುಂಡಿನಷ್ಟಿದ್ದ ಗಾಜಿನ ಘನ; ಲೇಸರ್ ಕಿರಣವನ್ನು ಧ್ರುವೀಕರಿಸಿ ಎರಡು ದಾರಿಗೆ ಕವಲೊಡೆಸುವಂಥದು. ತಿಂಗಳುಗಟ್ಟಲೆ ಕಾಯಿಸಿ ನಿನ್ನೆಯಷ್ಟೇ ಬಂದಿತ್ತು. ಮೈಮೇಲೆ ಧೂಳಿನ ಕಣ ಕೂತಿದ್ದರೂ ಸಾಕು, ಆ ಪ್ರಚಂಡ ಕಿರಣ ಬಿದ್ದೊಡನೆ ಕಣ ಸುಟ್ಟು ಗಾಜೇ ಬಿರುಕು ಬಿಡುತ್ತದೆ.

“ಹೊಸ ಸಾಮಾನು ಮೇಡಂ. ಪೂಜೆ ಮಾಡ್ದೆ ಶುರು ಮಾಡಿದ್ರೆ ಕೈಕೊಡುತ್ತೆ.”

“ನಿಮ್ಮ ಭಕ್ತಿಗೆ ನನ್ನ ಗಾಜು ಬಲಿ ಆಗ್ಬೇಕೇನ್ರೀ?”

ಶೇಷಾಚಲ ಗೊಣಗುತ್ತಾ ಪಂಪಿಗೊಂದು ಬೊಟ್ಟಿಟ್ಟು, ಮೂಲೆಯಲ್ಲಿ ಕೈಕಟ್ಟಿ ನಿಂತ. ಹೈಮವತಿ ಕೈಗವಸು ತೊಟ್ಟು, ಗಾಜನ್ನು ತಾವೇ ಡಬ್ಬಿಯಿಂದ ತೆಗೆದು, ತಾವೇ ಅದರ ಜಾಗದಲ್ಲಿ ಕೂರಿಸಿದರು. ಇಬ್ಬರೂ ಬಣ್ಣದ ಕನ್ನಡಕ ಏರಿಸಿಕೊಂಡ ಮೇಲೆ ಹೈಮವತಿ ಲೇಸರಿನ ಗುಂಡಿ ಒತ್ತಿದರು.

ಟಪ್!

ಲೇಸರ್ ಆರಿಸಿ, ಭೂತಗನ್ನಡಿ ಹಿಡಿದು ನೋಡಿದರೆ ಗಾಜಿನ ಮೈಯಲ್ಲಿ ಸುಟ್ಟ ಕಲೆ, ಅದರಿಂದ ಹೊರಟ ಉದ್ದನೆಯ ಬಿರುಕು. ಹೈಮವತಿಗೆ ರೇಗಿಹೋಯಿತು.

“ನಿಜ ಹೇಳಿ, ನನ್ನ ಕಣ್ಣು ತಪ್ಪಿಸಿ ಕುಂಕುಮ ಇಟ್ರಲ್ವಾ?”

“ಕುಂಕುಮ ಅಲ್ಲ ಮೇಡಂ, ಅದು ನಿಮ್ಮ ಕಾಡಿಗೆ,” ಎಂದ ಶೇಷಾಚಲ. “ಕೂರಿಸೋ ಮುಂಚೆ ಗಾಜನ್ನ ನೀವೇ ಎರಡೂ ಕಣ್ಣಿಗೆ ಒತ್ಕೊಂಡ್ರಲ್ಲ.”