ಉಬ್ಬುಮೀನಿನ ತತ್ತಿ

ಅಂಬಿಗರ ಹುಲೆಪ್ಪನ ಮನೆಯಲ್ಲಿ ನಾಲ್ಕು ತಿಂಗಳಿಂದ ಮೀನಿರಲಿಲ್ಲ. ಭೀಮಾ ನದಿ ಬತ್ತಿ, ದೋಣಿ ಮರಳಿನ ಮೇಲೆ ಬೋರಲು ಬಿದ್ದಿತ್ತು. ಏಳು ತಿಂಗಳ ಬಸುರಿ ಮಗಳು ದ್ರೌಪದಿ ಗಂಡನ ಊರು ನೆಲೋಗಿಯಿಂದ ಕುಬಸದ ಶಾಸ್ತ್ರಕ್ಕೆಂದು ತವರಿಗೆ ಬಂದಿದ್ದಳು. ಕುಬಸದ ದಿನ ಬಸುರಿಯ ತಾಟಿಗೆ ಮೀನಿನ ತತ್ತಿ ಬೀಳಬೇಕು, ಅವಳಿಗಿಂತ ಮೊದಲು ಅದನ್ನು ಯಾರೂ ಬಾಯಿಗಿಡಬಾರದು. ಆ ದಂಡೆಯ ಅಂಬಿಗರ ಪದ್ಧತಿ ಅದು. ದುಡಿಯಲು ರತ್ನಾಗಿರಿ ಕಡೆಯ ಬಂದರಕ್ಕೆ ಹೋಗಿದ್ದ ಹುಲೆಪ್ಪ ಕುಬಸದ ದಿನವೇ ಬೆಳಿಗ್ಗೆ ಬಂದು ಅಂಗಳದಲ್ಲಿ ಗಂಟು ಇಳಿಸಿದ. ಘಟ್ಟ ಹತ್ತಿದ ಮೇಲೆ ರೈಲಿನಲ್ಲಿ ಒಂದೂವರೆ ದಿನ, ಸ್ಟೇಷನ್ನಿನಿಂದ ನಾಲ್ಕು ಹರದಾರಿ ಕಾಲ್ನಡಿಗೆ. ಸರಹದ್ದಿನ ಕರೋಡಗಿರಿ ನಾಕಾದ ಸುಂಕದವರು ಗಂಟು ಬಿಚ್ಚಿಸಿ ನೋಡಿ, ಮೂಗು ಮುಚ್ಚಿಕೊಂಡು, ಸುಂಕವನ್ನೂ ಕೇಳದೆ ಓಡಿಸಿದ್ದರು.

ಗಂಟಿನಲ್ಲಿ ಉಪ್ಪು ಹಚ್ಚಿ ಒಣಗಿಸಿದ ಹನ್ನೊಂದು ಮೀನುಗಳಿದ್ದವು. ಬೇರೆ ಬಟ್ಟೆಯಲ್ಲಿ ಕಟ್ಟಿದ ತತ್ತಿ ಒಂದು ಬೊಗಸೆಯಷ್ಟಿತ್ತು.

"ಇದೆಂಥಾ ಮೀನ್ರಿ? ಹಲ್ಲು ಮನಷಾರ ಹಲ್ಲಿನಂಗ ಅದಾವಲ್ಲ," ಎಂದಳು ಹೆಂಡತಿ ಗಂಗಾಬಾಯಿ.

"ಸಮುದ್ರದ್ದು. ಬಲಿಗೆ ಬಿತ್ತಂದ್ರ ಗಾಳಿ ನುಂಗಿ ಬುರ್ ಅಂತ ಉಬ್ಬತದ."

"ನಮ್ಮತ್ತಿನೂ ಹಂಗೇ ಉಬ್ಬತಾಳಪ್ಪಾ, ಬಲಿನೂ ಬೇಕಾಗಿಲ್ಲ," ಎಂದು ದ್ರೌಪದಿ ನಕ್ಕಳು. "ಬರೂಮುಂದ ಏನಂದಳು ಗೊತ್ತದೇನು? ನಿಮ್ಮಪ್ಪನ ಮನಿಯಾಗ ಈ ಸಲ ಬಲಿನೇ ಕುದಿಸಿ ಹಾಕ್ತಾರೇನು, ಅಂದಳು."

"ತಿಂದು ಹೋಗಿ ಹೇಳು ಆಕಿಗಿ," ಎಂದ ಹುಲೆಪ್ಪ. ಅವನಿಗೆ ಮಲಗಿದರೆ ಸಾಕಾಗಿತ್ತು.

ಆ ಬಂದರದ ಬೆಸ್ತರು ಈ ಮೀನನ್ನು ಬಲೆಯಿಂದ ಕಿತ್ತು ಮರಳಿಗೆ ಎಸೆದು ಹೋಗುತ್ತಿದ್ದರು. ಹೊಟ್ಟೆ ತುಂಬ ತತ್ತಿಯಿದ್ದ ಮೀನು! ದೋಣಿಯ ಯಜಮಾನ ಮರಾಠಿಯಲ್ಲಿ ಎರಡು ಸಲ ಗದರಿದ್ದ, ಅದನ್ನು ತಿನ್ನಬಾರದು ಎಂದು. ಹುಲೆಪ್ಪ ತಲೆಯಾಡಿಸಿದ್ದ. ತಿನ್ನಬಾರದು, ಮುಟ್ಟಬಾರದು, ಇಲ್ಲಿ ಕೂಡಬಾರದು ಎಂಬ ಮಾತುಗಳನ್ನು ಅವನು ತನ್ನೂರಲ್ಲೇ ಹೊಟ್ಟೆ ತುಂಬ ಕೇಳಿದ್ದ. ಉಂಡು ಸಾಕಾದವರಿಗೆ ಹೊಲಸೆಂದು ಕಂಡದ್ದನ್ನು ತಿಂದೇ ಬೆಳೆದಿದ್ದ. ಆದರೂ ಅವನು ಹುಂಬನಲ್ಲ. ಮೊದಲು ಒಂದು ಮೀನಿನ ಮಾಂಸವನ್ನು ಸುಟ್ಟು ತಾನೇ ತಿಂದು ಒಂದು ದಿನ ಕಾದ. ಏನೂ ಆಗಲಿಲ್ಲ. ಮತ್ತೊಂದು ತಿಂದ. ಆಗಲೂ ಏನೂ ಆಗಲಿಲ್ಲ. ಆಮೇಲೆಯೇ ಉಪ್ಪು ಹಚ್ಚಲು ಕೂತದ್ದು. ತತ್ತಿಯನ್ನು ಮಾತ್ರ ನಾಲಿಗೆಯ ತುದಿಗೂ ತಾಗಿಸಿ ನೋಡಲಿಲ್ಲ. ಅದು ಮಗಳ ಪಾಲು.

ಗಂಗಾಬಾಯಿ ತತ್ತಿಯನ್ನು ನೆನೆಹಾಕಿ, ಖಾರ ಹಚ್ಚಿ ಹುರಿದಳು. ಹಸಿರು ಕುಬಸ ತೊಟ್ಟು, ಉಡಿ ತುಂಬಿಸಿಕೊಂಡ ದ್ರೌಪದಿ ರೊಟ್ಟಿಯ ಜೊತೆ ಅದನ್ನು ತಿಂದಳು. ರುಚಿ ಹತ್ತಿ ಮತ್ತಷ್ಟು ಹಾಕಿಸಿಕೊಂಡಳು. ಉಳಿದವರು ಮಾಂಸದ ಸಾರು ಉಂಡರು. ಹುಲೆಪ್ಪ ಕೈ ತೊಳೆದವನೇ ಕಟ್ಟೆಯ ಮೇಲೆ ಉರುಳಿದ.

"ಅಪ್ಪಾ, ತುಟಿ ಜುಂ ಅನ್ನಾಕತ್ತಾವ."

"ಉಪ್ಪು ಬಾಳ ಆಗಿರಬೇಕು. ನೀರು ಕುಡಿ," ಎಂದ ಅವನು, ಕಣ್ಣು ತೆರೆಯದೆ.

"ಕುಡದೆ. ತಂಬಗಿ ತುಟಿಗಿ ತಾಗಿದ್ದೇ ಗೊತ್ತಾಗವಲ್ದು. ಕಾಲೂ ನನ್ನವು ಅಲ್ಲ ಅನ್ನಸ್ತದ."

"ನಡದು ನಡದು ನನ್ನವೂ ಹಂಗೇ ಆಗ್ಯಾವ. ಹೋಗಿ ಒಂದ್ ಗಳಿಗಿ ಅಡ್ಡಾಗಬೇ," ಎಂದು ಹುಲೆಪ್ಪ ಮಗ್ಗಲು ಬದಲಿಸಿದ.

ಗಂಗಾಬಾಯಿ ಅಲುಗಾಡಿಸಿ ಎಬ್ಬಿಸಿದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಚಾಪೆಯ ಮೇಲೆ ದ್ರೌಪದಿ ಕಣ್ಣು ಬಿಟ್ಟುಕೊಂಡು ಬಿದ್ದಿದ್ದಳು. ಎತ್ತಿದ ಕೈ ಒದ್ದೆ ಅರಿವೆಯಂತೆ ಜಾರಿ ಬೀಳುತ್ತಿತ್ತು. ಮಾತಿಲ್ಲ. ಆದರೆ ಅವ್ವ ಹೆಸರು ಹಿಡಿದು ಕೂಗಿದರೆ ಕಣ್ಣು ಆ ಕಡೆ ಹೊರಳುತ್ತಿತ್ತು. ಹುಲೆಪ್ಪ ಪಕ್ಕದ ಮನೆಯ ಬಂಡಿ ಕಟ್ಟಿಸಿದ, ಒಂದು ಒಣಮೀನನ್ನೂ ಟವೆಲ್ಲಿನಲ್ಲಿ ಸುತ್ತಿಕೊಂಡ. ದವಾಖಾನೆಯಿದ್ದ ಅಫಜಲಪುರದ ದಾರಿ ಅರ್ಧ ಸವೆಯುವಷ್ಟರಲ್ಲಿ ಅವಳ ಉಸಿರು ನಿಂತಿತು. ಬಂಡಿ ಹೊಡೆಯುವವನು ತಿರುಗಿ ನೋಡಿದ. ಹುಲೆಪ್ಪ ಮುಂದಕ್ಕೆ ಹೊಡೆ ಎಂದು ಕೈ ಮಾಡಿದ.

ದವಾಖಾನೆಯ ಡಾಕ್ಟರು ಹೈದರಾಬಾದ್ ಕಡೆಯವರು. ಹೆಣದ ಕಣ್ಣು ಮುಚ್ಚಿ, ಮೀನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ತತ್ತಿ ತಿಂದಾಳೇನು?"

"ಹೌದ್ರಿ. ಆಕಿ ಒಬ್ಬಾಕೆ."

"ತತ್ತಿ, ಹೊಟ್ಟಿಯೊಳಗಿನ ಕಲೇಜಿ, ಎರಡೂ ಜಹರು, ವಿಷ. ಕುದಿಸಿದ್ರ ಹೋಗಂಗಿಲ್ಲ, ಒಣಗಿಸಿದ್ರೂ ಹೋಗಂಗಿಲ್ಲ. ಕಿತಾಬಿನಾಗ ಓದೇನಿ. ಜಪಾನಿನ ಸಾಹುಕಾರರು ಇದನ್ನ ಕೊಯ್ದು ಅಡಗಿ ಮಾಡಲಿಕ್ಕೇ ಕಲತ ಬಾವರ್ಚಿ ಇಡ್ತಾರ. ಹಂಗಿದ್ರೂ ಅಲ್ಲಿ ಸಾಯೋರು ಸಾಯ್ತಾರ. ಇದಕ್ಕ ದವಾ ಇಲ್ಲ." ಡಾಕ್ಟರು ಮೀನನ್ನು ಮೇಜಿನ ಮೇಲಿಟ್ಟು ಕೈ ತೊಳೆದರು. "ಸಮುದ್ರದ ಮಂದಿ ನಿನಗ ತಿನ್ನಬ್ಯಾಡ ಅಂತ ಹೇಳಲಿಲ್ಲೇನು?"

"ಹೇಳಿದ್ರು ಸಾಹೇಬ್ರ."

"ಮತ್ತ?"

"ನಮಗ ಎಲ್ಲಾರೂ ಹಂಗೇ ಹೇಳ್ತಾರ್ರಿ," ಎಂದ ಹುಲೆಪ್ಪ.

ಮಾಂಸದ ಸಾರು ಉಂಡ ಯಾರಿಗೂ ತಲೆನೋವು ಕೂಡ ಬರಲಿಲ್ಲ. ಹೋದದ್ದು ದ್ರೌಪದಿ ಒಬ್ಬಳು, ಅವಳ ಹೊಟ್ಟೆಯಲ್ಲಿದ್ದ ಏಳು ತಿಂಗಳ ಕೂಸು ಒಂದು, ತತ್ತಿ ಹುರಿದ ಬೋಗುಣಿ ನೆಕ್ಕಿದ ಬೆಕ್ಕು ಒಂದು.